ದೀಪ ದೊಡ್ಡದು ಮಾಡು

ಚಂಪಕ್ಕ ಪೂಜೆ ಮುಗಿಸಿ, ದೇವರ ಕೋಣೆಯ ಬಾಗಿಲಿಗೆ ಕೈಯೂರಿ ನಿಂತು, ಯಾರನ್ನೂ ನೋಡದೆ, "ದೀಪಾ ದೊಡ್ಡದು ಮಾಡು," ಅಂದಳು. ದೇವರ ಮುಂದಿನ ಪುಟ್ಟ ವಿದ್ಯುತ್ ದೀಪ ತಟ್ಟನೆ ಆರಿತು.

ಹಿಂದೆ ನಿಂತಿದ್ದ ತಂಗಿ ಶಾಲ್ಮಲಾ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದಳು. ಐವತ್ತು ದಾಟಿದ ವಿಜ್ಞಾನಿ, ಬೆಳಗಾವಿಯಲ್ಲಿ ಸ್ವಂತ ಪ್ರಯೋಗಾಲಯ ನಡೆಸುವವಳು, ಹೀಗೆ ಕುಣಿಯುವುದನ್ನು ಅವಳ ಸಹೋದ್ಯೋಗಿಗಳು ಕಂಡಿದ್ದರೆ ನಂಬುತ್ತಿರಲಿಲ್ಲ.

"ಅದಕ್ಕ ತಿಳೀತು ಅಕ್ಕಾ! ನಾ ಒಂದಕ್ಷರ ಹೇಳಿಕೊಟ್ಟಿಲ್ಲ. ನಿಮ್ಮನ್ನ ನೋಡಿ ನೋಡಿ ತಾನs ಕಲತದ."

"ಹಂಗಾರ ನಿನಗಿಂತ ಶಾಣ್ಯಾ ಅದ ಬಿಡು," ಅಂದಳು ಚಂಪಕ್ಕ. "ನಿಂಗ ಕಲಸೂದ್ರಾಗ ನನ್ನ ಬಾಯಿ ಸೋತಿತ್ತು." ನಕ್ಕರೆ ಅವಳಿಗೆ ಕೆಮ್ಮು ಬರುತ್ತಿತ್ತು. ಬಂತು.

ಇದು ಇನ್ನು ಮೂವತ್ತು ನಲವತ್ತು ವರ್ಷ ಕಳೆದ ಮೇಲಿನ ಮಾತು. ಧಾರವಾಡದವರಿಗೆ ಇಲ್ಲಿ ನಡೆದದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ದೀಪ ಆರಿಸು ಅನ್ನುವುದು ಆ ಕಡೆ ಬಾಯಲ್ಲಿ ಬರಬಾರದ ಮಾತು. ಆರಿಸುವಾಗಲೂ ದೊಡ್ಡದು ಮಾಡು ಅಂತಲೇ ಅನ್ನಬೇಕು. ಅಂದವರಿಗೂ ಕೇಳಿದವರಿಗೂ ಅರ್ಥ ಗೊತ್ತಿರುತ್ತದೆ, ದೇವರಿಗೂ ಗೊತ್ತಿರುತ್ತದೆ ಅಂತ ಇಟ್ಟುಕೊಳ್ಳೋಣ. ಆ ಮನೆಯಲ್ಲಿ ಎಣ್ಣೆ ದೀಪ ಇರಲೇ ಇಲ್ಲ. ಚಂಪಕ್ಕನ ಶ್ವಾಸಕೋಶ ಗಟ್ಟಿಯಾಗುತ್ತ ಬಂದಿತ್ತು. ಗಾಳಿಯಿಂದ ಆಮ್ಲಜನಕವನ್ನು ಸೋಸಿ ಕೊಡುವ ಯಂತ್ರದ ಕೊಳವೆ ಹಗಲೂ ರಾತ್ರಿ ಅವಳ ಮೂಗಿನಲ್ಲಿರುತ್ತಿತ್ತು. ಆಮ್ಲಜನಕ ಇರುವಲ್ಲಿ ಬೆಂಕಿ ಕೂಡದೆಂದು ಡಾಕ್ಟರು ತಾಕೀತು ಮಾಡಿದ್ದರು. ಬೆಂಕಿ ಹೋಯಿತು, ಮಾತು ಉಳಿಯಿತು.

ಶಾಲ್ಮಲಾ ಕಂಡುಹಿಡಿದ ಸಾಧನದ ಹೆಸರು 'ಮನೆಮಾತು'. ಚಂಪಕ್ಕನಿಗೆ ಮಾತ್ರ ಅದು 'ಡಬ್ಬಿ'. ಒಳಗೆ ಇದ್ದದ್ದು ಅಂಗೈ ಅಗಲದ ಒಂದೇ ಒಂದು ಹಲಗೆ. ಕಂಪ್ಯೂಟರಿನ ಮೆದುಳು, ನೆನಪು, ಕಣ್ಣು, ಕಿವಿ, ಬಾಯಿ ಎಲ್ಲವನ್ನೂ ಅದರ ಮೇಲೇ ಬೆಸೆದಿತ್ತು. ಬೆರಳಿನ ಉಗುರಿನಷ್ಟಿದ್ದ ಮೆಮೊರಿ ಕಾರ್ಡಿಗೆ ತನ್ನ ತಂತ್ರಾಂಶ ತುಂಬಿ, ಹಲಗೆಗೆ ಸಿಕ್ಕಿಸಿ, ಅದನ್ನು ಶಾಲ್ಮಲಾ ತಾನೇ ಪಡಸಾಲೆಯ ಗೋಡೆಯ ಗೂಡಿನಲ್ಲಿ ಇಟ್ಟಿದ್ದಳು. ದೀಪ, ಫ್ಯಾನು, ಟಿವಿ, ನೀರಿನ ಮೋಟರು, ಆಮ್ಲಜನಕದ ಯಂತ್ರ, ಒಂದೊಂದಕ್ಕೂ ತಂತಿ ಎಳೆದಿದ್ದಳು. ಅಕ್ಕನ ಬೆರಳಿಗೆ ಒಂದು ಉಂಗುರವನ್ನೂ ತೊಡಿಸಿದ್ದಳು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅನ್ನುವುದನ್ನು ಅದು ಡಬ್ಬಿಗೆ ತಿಳಿಸುತ್ತಿತ್ತು.

ಮಾತು ಕೇಳಿ ದೀಪ ಹಚ್ಚುವ ಯಂತ್ರಗಳು ಹಳೆಯವು. ಅವಕ್ಕೆ ನಾವು ಅವುಗಳ ಭಾಷೆಯಲ್ಲಿ ಹೇಳಬೇಕಿತ್ತು. ಮನೆಮಾತಿನ ಹೊಸತನ ಎಂದರೆ ಅದು ಮೊದಲು ಸುಮ್ಮನೆ ಕೂತು ಗಮನಿಸುತ್ತಿತ್ತು: ಮನೆಯವರು ಏನು ಅಂದರು, ಅಂದ ಮೇಲೆ ಕೈ ಏನು ಮಾಡಿತು. ಅಂದದ್ದನ್ನು ಬಿಟ್ಟು ಮಾಡಿದ್ದನ್ನು ಅರ್ಥವೆಂದು ಹಿಡಿಯುತ್ತಿತ್ತು. ಕಲಿತದ್ದು ಯಾವ ಕಂಪನಿಗೂ ಹೋಗುತ್ತಿರಲಿಲ್ಲ, ಹಲಗೆಗೆ ಸಿಕ್ಕಿಸಿದ ಆ ಕಾರ್ಡಿನಲ್ಲೇ ಇರುತ್ತಿತ್ತು. ಮನೆಯ ಮಾತು ಮನೆಯಲ್ಲೇ ಅಂತ ಶಾಲ್ಮಲಾ ಹೋದಲ್ಲೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದಳು. ಇನ್ನೊಂದು ನಿಯಮವನ್ನೂ ಅವಳು ಗಟ್ಟಿಯಾಗಿ ಕೂರಿಸಿದ್ದಳು: ಯಂತ್ರಕ್ಕೆ ಏನೇ ಅನ್ನಿಸಲಿ, ಮನೆಯವರ ಮಾತನ್ನು ಅದು ಮೀರಬಾರದು.

ಡಬ್ಬಿಗೆ ಪಾಠ ಚೆನ್ನಾಗಿಯೇ ಆಯಿತು. ಚಂಪಕ್ಕನ ಗಂಡ ವಾದಿರಾಜ ಮಾಸ್ತರು ಟಿವಿ ಮುಂದೆ ಕೂತರೆ ಏಳುವ ಆಸಾಮಿಯಲ್ಲ. "ಏನ್ರೀ, ಸಾಕು, ಆ ಟಿವಿನೂ ದೊಡ್ಡದು ಮಾಡ್ರಿ ಇನ್ನ," ಎಂದು ಚಂಪಕ್ಕ ಚೇಷ್ಟೆ ಮಾಡುತ್ತಿದ್ದಳು. ಮಾಸ್ತರು ಗೊಣಗುತ್ತ ಆರಿಸುತ್ತಿದ್ದರು. ಬರಬರುತ್ತ ಫ್ಯಾನಿಗೂ ಅದೇ ಮಾತಾಯಿತು, ಮೋಟರಿಗೂ ಆಯಿತು. ಗಂಡಹೆಂಡಿರಿಗೆ ಅದೊಂದು ಆಟ.

ಒಂದು ಭಾನುವಾರ ಶಾಲ್ಮಲಾ ಊಟಕ್ಕೆ ಬಂದಿದ್ದಳು. ಊಟವಾದ ಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದಳು. ಚಂಪಕ್ಕ ಪಡಸಾಲೆಯ ಮಂಚದ ಮೇಲೆ ಒರಗಿದ್ದಳು. ಆಮ್ಲಜನಕದ ಯಂತ್ರ ಗುರುಗುಡುತ್ತದೆಂದು ಅದನ್ನು ಹಿಂದಿನ ಕೋಣೆಯಲ್ಲಿಟ್ಟು ಉದ್ದದ ಕೊಳವೆ ಎಳೆದಿದ್ದರು. ಗಂಡನ ಜೊತೆ ಮಾತಾಡುತ್ತ ಕುಡಿಯುತ್ತಿದ್ದ ಮಜ್ಜಿಗೆ ಚಂಪಕ್ಕನ ನೆತ್ತಿಗೇರಿತು. ಕೆಮ್ಮು ಹತ್ತಿತು. ಕೆಮ್ಮು ನಿಲ್ಲಲಿಲ್ಲ, ತುಟಿ ಕಪ್ಪಿಟ್ಟಿತು, ಕಣ್ಣು ಮೇಲಕ್ಕೆ ಹೋದವು.

ಮಾಸ್ತರ ಜೀವ ಬಾಯಿಗೆ ಬಂತು. ದಿನಾ ಅವರು ಅನ್ನುತ್ತಿದ್ದದ್ದು 'ಆಕ್ಸಿಜನ್ ಜಾಸ್ತಿ ಮಾಡು' ಅಂತ. ಆ ಗಾಬರಿಯಲ್ಲಿ ನಾಲಿಗೆಗೆ ಸಿಕ್ಕಿದ್ದು ಬಾಲ್ಯದ ಮಾತು. ಒಲೆಯ ಉರಿ ಸಾಲದಾದಾಗ ಅವರ ತಾಯಿ ಅನ್ನುತ್ತಿದ್ದ ಮಾತು.

"ಆಕ್ಸಿಜನ್ ದೊಡ್ಡದು ಮಾಡು!"

"ಆತ್ರಿ," ಅಂದಿತು ಡಬ್ಬಿ. ಹಿಂದಿನ ಕೋಣೆಯ ಯಂತ್ರ ನಿಂತಿತು. ಕರೆಂಟು ಹೋಗಿ ನಿಂತಿದ್ದರೆ ಅದು ಕೂಗಿಕೊಳ್ಳುತ್ತಿತ್ತು. ಅಪ್ಪಣೆ ಪಡೆದು ನಿಂತದ್ದರಿಂದ ಕೂಗಲಿಲ್ಲ.

ಮಾಸ್ತರು ಹೆಂಡತಿಯ ಬೆನ್ನು ನೀವುತ್ತ ಕೂತರು. ಇನ್ನೇನು ಉಸಿರು ಬರುತ್ತದೆ ಎಂದು ಕಾದರು. ಬರಲಿಲ್ಲ.

"ಅಕ್ಕಾವ್ರ ಆಕ್ಸಿಜನ್ ಇಳೀಲಿಕ್ಹತ್ತದ್ರಿ," ಅಂದಿತು ಡಬ್ಬಿ, ಅದೇ ಮೆತ್ತನೆಯ ದನಿಯಲ್ಲಿ.

"ಅದಕ್ಕs ದೊಡ್ಡದು ಮಾಡಂತ ಬಡಕೊಳ್ಳಿಕ್ಹತ್ತೀನಿ!"

"ಮಾಡೀನ್ರಿ."

ಹಿತ್ತಲಲ್ಲಿದ್ದ ಶಾಲ್ಮಲಾಗೆ ಈ ಮಾತು ಕೇಳಲಿಲ್ಲ. ಕೇಳಿದ್ದು ಸದ್ದು ನಿಂತದ್ದು. ಮನೆಯಲ್ಲಿ ಸದಾ ಇರುತ್ತಿದ್ದ ಗುರುಗುಡುವಿಕೆ ಇಲ್ಲ. ಅವಳು ಒದ್ದೆ ಕೈಯಲ್ಲೇ ಹಿಂದಿನ ಕೋಣೆಗೆ ಓಡಿದಳು. ಯಂತ್ರ ಸತ್ತಂತೆ ಕೂತಿತ್ತು. "ಆಕ್ಸಿಜನ್ ಚಾಲೂ ಮಾಡು!" ಎಂದು ಕಿರುಚಿದಳು. ಯಂತ್ರ ಗುರುಗುಟ್ಟಿತು. ದೇವರು ದೊಡ್ಡವನು ಅಂದುಕೊಂಡು ಪಡಸಾಲೆಗೆ ಧಾವಿಸಿದಳು. ಅಕ್ಕನ ಮುಖ ನೋಡಿದಳು. ಆ ಬಣ್ಣ ಮನುಷ್ಯರ ಮುಖದ್ದಲ್ಲ.

ಅಷ್ಟರಲ್ಲಿ ಮಾಸ್ತರು ಗೂಡಿನ ಕಡೆ ತಿರುಗಿ ಎರಡೂ ಕೈ ಜೋಡಿಸಿದರು. ಅಳು ಬಂದಿತ್ತು. "ನಿನಗ ಕೈ ಮುಗೀತೀನಿ ಮಾರಾಯಾ, ಇನ್ನೂ ದೊಡ್ಡದು ಮಾಡು."

"ಆತ್ರಿ."

ಸದ್ದು ಮತ್ತೆ ನಿಂತಿತು.

ಶಾಲ್ಮಲಾಗೆ ಎಲ್ಲ ತಿಳಿದುಹೋಯಿತು. ಡಬ್ಬಿ ಕೆಟ್ಟಿರಲಿಲ್ಲ. ಕೆಟ್ಟಿದ್ದರೆ ಚೆನ್ನಾಗಿತ್ತು.

"ಭಾವಾ, ಬಾಯಿ ಮುಚ್ಚರಿ! ಒಂದು ಮಾತೂ ಆಡಬ್ಯಾಡ್ರಿ!"

ಭಾವನಿಗೆ ಹಾಗೆ ಎಂದೂ ಅಂದವಳಲ್ಲ. ಮಾಸ್ತರು ಬೆಪ್ಪಾಗಿ ನಿಂತರು. ಅವಳು ಮತ್ತೆ ಹಿಂದೆ ಓಡಿ, ಡಬ್ಬಿಯಿಂದ ಬಂದ ತಂತಿಯನ್ನು ಕಿತ್ತೆಸೆದು, ಯಂತ್ರದ ಗುಂಡಿಯನ್ನು ತನ್ನ ಕೈಯಿಂದಲೇ ಒತ್ತಿದಳು. ಒತ್ತಿದ ಬೆರಳನ್ನು ತೆಗೆಯಲು ಧೈರ್ಯವಾಗಲಿಲ್ಲ. ಆ ಯಂತ್ರ ಶುದ್ಧ ಆಮ್ಲಜನಕ ಕೊಡಲು ಸ್ವಲ್ಪ ಹೊತ್ತು ಬೇಕು. ಅವಳ ಆಯುಷ್ಯದಲ್ಲಿ ಅದಕ್ಕಿಂತ ಉದ್ದದ ಹೊತ್ತು ಇರಲಿಲ್ಲ.

ಪಡಸಾಲೆಯಿಂದ ಒಂದು ಉಸಿರು ಕೇಳಿತು, ಹರಿದ ಬಟ್ಟೆ ಎಳೆದ ಹಾಗೆ. ಆಮೇಲೆ ಇನ್ನೊಂದು ಕೇಳಿತು. ಶಾಲ್ಮಲಾ ಅಲ್ಲೇ ನೆಲದ ಮೇಲೆ ಕೂತು ಗೋಳೋ ಎಂದು ಅತ್ತಳು.

ಡಾಕ್ಟರು ಬಂದು ನೋಡಿ ಹೋದರು. ಚಂಪಕ್ಕ ನಿದ್ದೆ ಹೋದಳು. ಸಂಜೆ ಶಾಲ್ಮಲಾ ಫೋನ್ ಹಿಡಿದು ಕೂತಳು. ಗದಗ, ಬಾಗಲಕೋಟೆ, ವಿಜಯಪುರದ ಎಷ್ಟೋ ಮನೆಗಳ ಗೂಡಿನಲ್ಲಿ ಅವಳ ಡಬ್ಬಿ ಇತ್ತು. ಕೆಲವು ಮನೆಗಳಲ್ಲಿ ಹಾಸಿಗೆ ಹಿಡಿದವರಿದ್ದರು. ಒಂದು ಆದೇಶ ಕಳಿಸಿ ಎಲ್ಲವನ್ನೂ ಒಮ್ಮೆಗೇ ಸರಿಪಡಿಸುವಂತಿರಲಿಲ್ಲ. ಯಾವ ಡಬ್ಬಿಗೂ ಹೊರಗಿನ ದಾರಿಯೇ ಇರಲಿಲ್ಲ. ಯಾವ ಮನೆಯದು ಏನು ಕಲಿತಿದೆಯೋ ಅವಳಿಗೆ ಗೊತ್ತಿಲ್ಲ, ಆ ಮನೆಯವರಿಗೂ ಗೊತ್ತಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ, "ಔಷಧದ ಯಂತ್ರಕ್ಕ ಡಬ್ಬಿಯಿಂದ ಬಂದ ತಂತಿ ಮೊದಲು ಕಿತ್ತಬಿಡ್ರಿ, ಆಮ್ಯಾಲೆ ಹೇಳತೀನಿ," ಎಂದು ಬೇಡಿಕೊಂಡಳು. ಬಾಗಲಕೋಟೆಯ ಒಂದು ಮನೆಯಲ್ಲಿ ಯಾರೂ ಫೋನ್ ಎತ್ತಲಿಲ್ಲ. ಕೊನೆಗೆ ಎತ್ತಿದವರು, ಮದುವೆಗೆ ಹೋಗಿದ್ವಿ ಅಂದರು. ಅಷ್ಟು ಹೊತ್ತಿಗೆ ಅವಳ ರವಿಕೆ ಬೆವರಿನಿಂದ ತೊಯ್ದುಹೋಗಿತ್ತು.

ಬೆಳಿಗ್ಗೆ ಅವಳು ಡಬ್ಬಿಯ ಎದುರು ಕುರ್ಚಿ ಎಳೆದುಕೊಂಡು ಕೂತಳು. ತಾನೇ ಮಾಡಿದ ವಸ್ತು, ಆದರೂ ಹೆದರಿಕೆಯಾಗುತ್ತಿತ್ತು. ಚಂಪಕ್ಕ ದಿಂಬಿಗೆ ಒರಗಿ ನೋಡುತ್ತಿದ್ದಳು. ಮಾಸ್ತರು ಕಾಫಿ ಲೋಟ ಹಿಡಿದು ಕಂಬದ ಹತ್ತಿರ ನಿಂತಿದ್ದರು.

"ಈ ಮನ್ಯಾಗ ಅಂದದ್ದು ಒಂದು, ಅರ್ಥ ಇನ್ನೊಂದು ಇರೂ ಮಾತು ಯಾವ ಯಾವ್ವು ಕಲ್ತೀ? ಎಲ್ಲಾ ಹೇಳು."

"ದೊಡ್ಡದು ಮಾಡು ಅಂದ್ರ ಆರಸು," ಅಂದಿತು ಡಬ್ಬಿ. "ಬಾಗಲಾ ಮುಂದ ಮಾಡು ಅಂದ್ರ ಮುಚ್ಚು. ಅಕ್ಕಿ ತುಂಬ್ಯಾವ ಅಂದ್ರ ಮುಗದಾವ. ಆರಾಮ ಅದೀನಿ ಅಂದ್ರ ಉಸಿರು ಸಾಲವಲ್ದು."

"ಕಡೀದು ಇನ್ನೊಮ್ಮೆ ಹೇಳು," ಅಂದಳು ಶಾಲ್ಮಲಾ.

"ಆರಾಮ ಅದೀನಿ ಅಂತ ಫೋನಿನ್ಯಾಗ ಅಂದಾಗೆಲ್ಲಾ ಅಕ್ಕಾವ್ರ ಆಕ್ಸಿಜನ್ ಇಳದಿರ್ತದ್ರಿ. ಫೋನ್ ಇಟ್ಟ ಮ್ಯಾಲೆ ಹಾಸಿಗಿ ಹಿಡದು ಕೂಡ್ತಾರ. ಗುಳಿಗಿ ತಗೋತಾರ. ಆರಾಮ ಇಲ್ಲ ಅಂತ ಇಲ್ಲೀತನಕಾ ಒಮ್ಮೆನೂ ಅಂದಿಲ್ಲ."

ಶಾಲ್ಮಲಾ ದಿನಾ ಬೆಳಗಾವಿಯಿಂದ ಫೋನ್ ಮಾಡುತ್ತಿದ್ದಳು. ದಿನಾ ಅದೇ ಮಾತು ಕೇಳಿ, ಸಮಾಧಾನವಾಗಿ, ಪ್ರಯೋಗಾಲಯದ ಕೆಲಸಕ್ಕೆ ಹಿಂತಿರುಗುತ್ತಿದ್ದಳು. ಹುಟ್ಟಿದಾಗಿನಿಂದ ಅಕ್ಕನ ಮಾತು ಕೇಳುತ್ತ ಬಂದವಳು ಅವಳು. ನಿನ್ನೆ ಮೊನ್ನೆ ಗೂಡಿಗೆ ಬಂದು ಕೂತದ್ದು ಆ ಡಬ್ಬಿ.

"ಅಕ್ಕಾ, ಹೌದೇನು?"

ಚಂಪಕ್ಕ ತಂಗಿಯನ್ನು ನೋಡಲಿಲ್ಲ. ಗೂಡನ್ನೇ ದಿಟ್ಟಿಸುತ್ತಿದ್ದಳು. ಪೋಲೀಸರನ್ನು ಕಂಡ ಹೆದರಿಕೆ ಆ ಕಣ್ಣಲ್ಲಿತ್ತು.

"ಅದನ್ನ ತಗದಬಿಡು ಶಾಲೂ."

"ಯಾಕ ಮುಚ್ಚಿಟ್ಟಿ? ನಾ ಯಾರು ನಿನಗ?"

"ಏನಂತ ಹೇಳ್ಲವಾ? ದಿನಾ ನೀ ಕೇಳೂದು, ದಿನಾ ನಾ ಸಾಯ್ಲಿಕ್ಹತ್ತೀನಿ ಅನ್ನೂದು? ನೀ ಉಂಡು ಮಲಗಲಿ ಅಂತ ಒಂದು ಮಾತು ಇಟಗೊಂಡಿದ್ದೆ. ಅದನ್ನೂ ಕಸಗೊಂಡ್ತು ನೋಡು ಈ ಡಬ್ಬಿ. ಇನ್ನ ನನ್ನ ಮನ್ಯಾಗ ನಾ ಏನು ಮಾತಾಡ್ಲಿ?" ಅಷ್ಟು ಹೇಳುವುದರಲ್ಲಿ ಅವಳಿಗೆ ಸುಸ್ತಾಯಿತು.

ಮಾಸ್ತರು ಕಾಫಿ ಲೋಟ ಕೆಳಗಿಟ್ಟರು. "ನನಗೂ ಹಂಗs ಅಂತಿದ್ದಿ," ಅಂದರು ಮೆಲ್ಲಗೆ.

ಶಾಲ್ಮಲಾ ಡಬ್ಬಿಯ ಮೆಮೊರಿ ಕಾರ್ಡು ಹೊರಗೆಳೆದು ಅಂಗೈ ಮೇಲಿಟ್ಟುಕೊಂಡಳು. ಅಕ್ಕನನ್ನು ಕೊಲ್ಲಹೊರಟದ್ದು ಇದೇ. ಅಕ್ಕ ಸಾಯುತ್ತಿದ್ದಾಳೆ ಎಂದು ಈ ಮನೆಯಲ್ಲಿ ಅರ್ಥ ಮಾಡಿಕೊಂಡದ್ದೂ ಇದೊಂದೇ. ಇಟ್ಟರೆ ಅಕ್ಕ ಬಾಯಿ ಬಿಡುವುದಿಲ್ಲ. ಅಳಿಸಿದರೆ, ಇನ್ನು ಮೇಲೆ ಆ ಉಸಿರಿನ ಲೆಕ್ಕ ಯಾರಿಗೆ ಗೊತ್ತಾಗಬೇಕು? ಕೊನೆಗೆ ಅಳಿಸಿದಳು. ಉಂಗುರವನ್ನೂ ಅಕ್ಕನೇ ಬಿಚ್ಚಿ ಕೊಟ್ಟಳು. ಆಮ್ಲಜನಕದ ಗುಂಡಿ ಮಾಸ್ತರ ಕೈಗೆ ಬಂತು.

ಬೆಳಗಾವಿಗೆ ಹಿಂತಿರುಗಿ ವಾರವಾಗಿರಲಿಲ್ಲ. ಪ್ರಯೋಗಾಲಯದಲ್ಲಿ ಸಭೆ ನಡೆದಿತ್ತು. ಮನೆಮಾತನ್ನು ತಿದ್ದಬಹುದು, ಅಪಾಯದ ಯಂತ್ರಗಳಿಗೆ ಎರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುವಂತೆ ಕಲಿಸಬಹುದು ಎಂದು ಯಾರೋ ವಿವರಿಸುತ್ತಿದ್ದರು. ಸರಿಯಾದ ಮಾತೇ. ಶಾಲ್ಮಲಾ ಎದ್ದು ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿದಳು.

"ಹೆಂಗದೀ ಅಕ್ಕಾ?"

"ಆರಾಮ ಅದೀನಿ," ಅಂದಳು ಚಂಪಕ್ಕ. ಎಂದಿನ ದನಿಯೇ. ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಆ ಡಬ್ಬಿ ಇನ್ನೂ ಹುಟ್ಟಬೇಕು, ಓದುಗರೇ. ಈ ಮಾತು ಹುಟ್ಟಿ ಎಷ್ಟೋ ಕಾಲವಾಯಿತು. ಈ ವಾರ ನಿಮಗೂ ಯಾರೋ ಅಂದಿರುತ್ತಾರೆ. ಸರಿ ಹಂಗಾದ್ರೆ ಅಂತ ನೀವೂ ಫೋನ್ ಇಟ್ಟಿರುತ್ತೀರಿ. ಶಾಲ್ಮಲಾ ಇಡಲಿಲ್ಲ. ಏನೂ ಮಾತಾಡದೆ, ಫೋನನ್ನು ಕಿವಿಗೆ ಒತ್ತಿ ಹಿಡಿದು, ಆ ಕಡೆಯ ಉಸಿರನ್ನು ಕೇಳುತ್ತ ನಿಂತಳು. ಎಳೆದು, ತಡೆದು, ಮತ್ತೆ ಎಳೆದು.

"ಶಾಲೂ, ಇದ್ದೀಯೇನವಾ?"

"ಇದ್ದೀನಿ."

ಆ ಕಡೆ ಇನ್ನೊಂದು ಉಸಿರು ಕಷ್ಟದಿಂದ ಹೋಗಿ ಬಂತು.

"ಬಾ," ಅಂದಳು ಚಂಪಕ್ಕ. "ಹೆದರಿಕಿ ಆಗ್ಲಿಕ್ಹತ್ತದ."