ಟಾನಿಕ್ ಜಾಹೀರಾತಿನ ಅಚ್ಚು ಕಳುವಾದ ಪ್ರಕರಣ

ಗ್ರೆಂಡನ್ ಠಾಣೆಗೆ ದೂರು ಬಂದದ್ದು 1887ರ ಮಾರ್ಚ್ 10, ಗುರುವಾರ ಬೆಳಗ್ಗೆ ಏಳು ಗಂಟೆಗೆ. ಠಾಣೆ ಎಂದರೆ ಭಾರಿ ಕಟ್ಟಡವೇನಲ್ಲ. ಬೆಂಕಿ ಆರಿಸುವ ಬಂಡಿ ನಿಲ್ಲಿಸುವ ಕೊಟ್ಟಿಗೆಯ ಹಿಂದೆ ಎರಡು ಕೋಣೆ. ಒಂದರಲ್ಲಿ ಮೇಜು, ಇನ್ನೊಂದರಲ್ಲಿ ಲಾಕಪ್ಪು. ಅಯೋವಾ ರಾಜ್ಯದಲ್ಲಿ ಹೆಂಡ ನಿಷೇಧವಾದ ಮೇಲೆ ಲಾಕಪ್ಪಿನಲ್ಲಿ ಇಲಿಗಳೇ ಹೆಚ್ಚು. ಮಾರ್ಷಲ್ ಜೋಥಮ್ ಕಿಂಬಲ್‌ನ ಪಾಲಿಗೆ ಉಳಿದದ್ದು ಬೀದಿನಾಯಿ, ಬೇಲಿ ಜಗಳ, ತಪ್ಪಿಸಿಕೊಂಡ ದನ. ಅವನು ಒಲೆಗೆ ಸೌದೆ ತುರುಕುತ್ತಿದ್ದಾಗ ‘ಗ್ರೆಂಡನ್ ಬೀಕನ್’ ವಾರಪತ್ರಿಕೆಯ ಸಂಪಾದಕ ಲೂಷಿಯಸ್ ಪೆನ್ನಿಮನ್ ಟೋಪಿಯೂ ಇಲ್ಲದೆ ಒಳಗೆ ನುಗ್ಗಿದ.

“ಪ್ರೆಸ್ಸಿಗೆ ಕಳ್ಳ ನುಗ್ಗಿದಾನೆ ಮಾರ್ಷಲ್ರೇ. ಇವತ್ತು ಪೇಪರ್ ಇಲ್ಲ.”

“ಏನ್ ಹೋಗಿದೆ?”

“ಒಂದು ಅಚ್ಚು.”

“ಬರೀ ಒಂದಾ?”

“ಒಂದೇ. ಆದ್ರೆ ಅದಿಲ್ದೆ ಪೇಪರ್ ಹೊರಡಿಸೋ ಹಾಗಿಲ್ಲ. ಟಾನಿಕ್‌ನೋರ ಜಾಹೀರಾತು ಅದು.”

ಮಾರ್ಷಲ್ ದೂರು ಬರೆದುಕೊಂಡು ಸಹಿ ಹಾಕಿಸಿಕೊಂಡ. ಸಹಾಯಕ ರೂಫ್ ಹ್ಯಾಸ್ಕೆಟ್‌ನನ್ನು ಕರೆದುಕೊಂಡು ಸ್ಥಳಕ್ಕೆ ಹೊರಟ.

ಎದುರಂಗಡಿಯ ಕ್ಷೌರಿಕನನ್ನೂ ಪಕ್ಕದ ಚಮ್ಮಾರನನ್ನೂ ಸಾಕ್ಷಿಗೆ ನಿಲ್ಲಿಸಿಕೊಂಡು ಪಂಚನಾಮೆ ಮಾಡಿದರು. ಹಿಂದಿನ ಕಿಟಕಿಯನ್ನು ಉಳಿ ಹಾಕಿ ಮೀಟಿದ್ದರು. ಬಾಗಿಲ ಪಕ್ಕ ಸೀಸದ ಗಟ್ಟಿಗಳ ರಾಶಿ ಹಾಗೇ ಇತ್ತು. ದುಡ್ಡಿನ ಡಬ್ಬಿ ಮುಟ್ಟಿರಲಿಲ್ಲ. ಮುದ್ರಣಕ್ಕೆ ಸಿದ್ಧವಾಗಿ ಚೌಕಟ್ಟಿನಲ್ಲಿ ಬಿಗಿದಿಟ್ಟ ಪುಟದ ನಡುವೆ ಮಾತ್ರ ಅಂಗೈಯಗಲದ ಒಂದು ಗುಂಡಿ.

“ಗುಂಡು ಎರಕ ಹೊಯ್ಯೋಕೆ ಸೀಸ ಬೇಕಾಗಿರುತ್ತೆ ಸಾಹೇಬ್ರೇ,” ಎಂದ ರೂಫ್. “ರೈಲ್ವೆ ನೀರಿನ ಟ್ಯಾಂಕಿನ ಹತ್ರ ಒಬ್ಬ ಅಲೆಮಾರಿ ಬಿದ್ಕೊಂಡಿದಾನೆ. ಹೋಗಿ ಎಳ್ಕೊಂಡು ಬರ್ಲಾ?”

“ಇಷ್ಟು ಸೀಸ ಬಾಗಿಲಲ್ಲೇ ಬಿದ್ದಿರೋವಾಗ ಚೌಕಟ್ಟು ಬಿಚ್ಚಿ ಅಚ್ಚು ಕೀಳ್ತಾನೇನೋ?”

“ಅಲೆಮಾರಿಗಳಿಗೆ ಅಷ್ಟೆಲ್ಲಾ ಬುದ್ಧಿ ಎಲ್ಲಿರುತ್ತೆ?” ಎಂದು ರೂಫ್ ಹೊರಟೇಬಿಟ್ಟ. ಅಪರಾಧ ಕಂಡ ಕೂಡಲೇ ಅಲೆಮಾರಿಯನ್ನು ಹುಡುಕುವುದು ಅವನಿಗೆ ಅಂಟಿದ ಚಾಳಿ.

ಮಾರ್ಷಲ್ ಹಳೆಯ ಸಂಚಿಕೆ ಕೇಳಿದ. ಪೆನ್ನಿಮನ್ ಒಲ್ಲದ ಮನಸ್ಸಿನಿಂದ ತೆಗೆದುಕೊಟ್ಟ. ಜಾಹೀರಾತಿನಲ್ಲಿ ಹೀಗಿತ್ತು:

“ನನ್ನ ಯಜಮಾನರು ನಾಲ್ಕು ವರ್ಷದ ಹಿಂದೆ ಕುಡಿತ ಬಿಡುವುದಾಗಿ ಪ್ರಮಾಣ ಮಾಡಿದರು. ಆದರೂ ಒಳಗಿನ ತಹತಹ ಅವರನ್ನು ಬಿಡಲಿಲ್ಲ. ಡಾಕ್ಟರ್ ಪೆಂಡ್ರಿಯ ಬೇರಿನ ಟಾನಿಕ್ ಶುರು ಮಾಡಿದ ಮೇಲೆ ಅದು ಮಾಯ. ಈಗ ಗುಂಡುಕಲ್ಲಿನ ಹಾಗಿದ್ದಾರೆ. ಅಕ್ಕತಂಗಿಯರೇ, ನೀವೂ ಕೊಡಿ. — ಮಿಸೆಸ್ ಡಾರ್ಕಸ್ ವೀಲಾಕ್, ಗ್ರೆಂಡನ್.”

ಮಾರ್ಷಲ್ ಎರಡು ಸಲ ಓದಿದ. ನವೆಂಬರ್‌ನಲ್ಲಿ ಡಾರ್ಕಸಳ ಗಂಡ ಏಸಾ ವೀಲಾಕ್‌ನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ.

“ಏಸಾ ಸತ್ತು ನಾಲ್ಕು ತಿಂಗಳಾಯ್ತಲ್ರೀ?”

“ಗೊತ್ತು. ಸಾವಿನ ಸುದ್ದಿ ನಾನೇ ಹಾಕಿದ್ದೆ.”

“ಅದರ ಪಕ್ಕದಲ್ಲೇ ಇದನ್ನೂ ಹಾಕಿದ್ರಾ?”

ಪೆನ್ನಿಮನ್ ಕೈಯ ಮಸಿ ಒರೆಸಿಕೊಳ್ಳತೊಡಗಿದ. “ಕರಾರು ಒಂದು ವರ್ಷದ್ದು. ಅಚ್ಚು ಸೇಂಟ್ ಲೂಯಿಸ್‌ನಿಂದ ಒಂದೇ ಎರಕದಲ್ಲಿ ಬರುತ್ತೆ. ಒಂದಕ್ಷರ ಕೀಳೋಕಾಗಲ್ಲ, ಒಂದು ವಾರ ಬಿಡೋಕಾಗಲ್ಲ. ನಾನೇನ್ ಮಾಡ್ಲಿ?”

“ಆಯಮ್ಮ ಬಂದು ಕೇಳಿದ್ರಾ?”

“ಬರ್ತಾನೇ ಇದ್ರು. ಹೆಸರಾದ್ರೂ ತೆಗೀರಿ ಅಂತಿದ್ರು. ಹೋದ ವಾರ ಬಂದಾಗ ಮಾತೇ ಆಡ್ಲಿಲ್ಲ. ಪ್ರೆಸ್ ನೋಡ್ತಾ ನಿಂತಿದ್ದು ಹೋದ್ರು.”

“ಇದನ್ನ ಬೆಳಗ್ಗೆ ಯಾಕೆ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ,” ಎಂದ ಪೆನ್ನಿಮನ್. ಊರಿನ ಸುದ್ದಿಯನ್ನೆಲ್ಲ ಕೇಳದೆಯೇ ಹೇಳುವ ಮನುಷ್ಯ ಅವನು.

ಮಧ್ಯಾಹ್ನದ ಹೊತ್ತಿಗೆ ರೂಫ್ ಅಲೆಮಾರಿಯನ್ನು ಲಾಕಪ್ಪಿಗೆ ದಬ್ಬಿದ್ದ. ಚೀಲದಲ್ಲಿ ಸಿಕ್ಕಿದ್ದು ಒಂದು ಮುರುಕು ಸೀಸದ ಕೊಳವೆ. ಅಚ್ಚಿನ ಸುಳಿವೇ ಇಲ್ಲ.

ಮಾರನೆಯ ದಿನ ಮಾರ್ಷಲ್ ಊರಾಚೆಯ ಗಿರಣಿ ರಸ್ತೆಗೆ ಹೋದ. ವೀಲಾಕ್ ಮನೆಯ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಪಕ್ಕದ ಮನೆಯ ಅಲ್ಮೀಡಾ ಗೋರಮ್ ಬಟ್ಟೆ ಒಣಹಾಕುತ್ತಿದ್ದಳು. ಪಾನನಿರೋಧ ಸಂಘದ ಬಿಳಿ ರಿಬ್ಬನ್ನು ಅವಳ ಎದೆಯ ಮೇಲಿತ್ತು. ಜಗಲಿಯಲ್ಲಿ ಗಂಡ ಎನಸ್ ಕಂಬಳಿ ಹೊದ್ದು ಕೂತಿದ್ದ. ಹೋದ ವರ್ಷವಷ್ಟೇ ಕುಡಿತ ಬಿಟ್ಟು ಪ್ರಮಾಣಕ್ಕೆ ಸಹಿ ಹಾಕಿದವನು.

“ಬನ್ನಿ ಮಾರ್ಷಲ್ರೇ!” ಎಂದು ಎನಸ್ ಕೈಯಾಡಿಸಿದ. “ಚಳಿ ಇದೆ, ಒಂದು ಚಮಚ ಹಾಕ್ಕೊಳ್ಳಿ. ಪ್ರಮಾಣ ಮುರಿಯಲ್ಲ, ಧೈರ್ಯವಾಗಿ ಹಾಕ್ಕೊಳ್ಳಿ!”

ಚಮಚ ಅವನು ಬಾಯಲ್ಲಿ ಹೇಳಿದ್ದಷ್ಟೇ. ಕೈಯಲ್ಲಿದ್ದದ್ದು ಕಾಫಿಯ ಲೋಟ, ಅದರ ತುಂಬ ಟಾನಿಕ್. ಮುಖ ಕೆಂಪಗೆ ಹೊಳೆಯುತ್ತಿತ್ತು, ಕಣ್ಣಿನ ಬಿಳಿಭಾಗ ಹಳದಿ ತಿರುಗಿತ್ತು.

“ಡಾರ್ಕಸಮ್ಮ ಎಲ್ಲಿಗೆ ಹೋಗಿದಾರೆ?”

“ಯಾರಿಗ್ಗೊತ್ತು,” ಎಂದಳು ಅಲ್ಮೀಡಾ. “ಪಾಪ, ಅವಳ ತಲೆ ನೆಟ್ಟಗಿಲ್ಲ. ಸೋಮವಾರ ಬಂದು ನನ್ನ ಕೈಯಿಂದ ಬಾಟ್ಲಿ ಕಿತ್ಕೊಳ್ಳೋಕೆ ನೋಡಿದ್ಲು. ಏಸಾನ್ನ ತಿಂದಿದ್ದು ಇದೇ, ನಿನ್ನ ಎನಸ್‌ನನ್ನೂ ತಿನ್ನುತ್ತೆ ಅಂತ ಕೂಗಾಡಿದ್ಲು.”

“ನೀವು ನಂಬ್ಲಿಲ್ವಾ?”

“ಹೆಂಗ್ರೀ ನಂಬೋದು? ವಾರವಾರ ಪೇಪರಲ್ಲಿ ಅವಳೇ ಕೊಡಿ ಅಂತಾಳೆ. ಬೇಲಿ ಹತ್ರ ಬಂದು ಬೇಡ ಅಂತಾಳೆ. ಬುದ್ಧಿ ಸ್ಥಿಮಿತದಲ್ಲಿದ್ದಾಗ ಬರೆದದ್ದನ್ನ ನಂಬ್ಲೋ, ಗಂಡ ಸತ್ತ ಸಂಕಟದಲ್ಲಿ ಒದರಿದ್ದನ್ನ ನಂಬ್ಲೋ? ನಾನು ಎನಸ್‌ಗೆ ಇದನ್ನ ಶುರು ಮಾಡಿದ್ದೇ ಅವಳ ಕಾಗದ ಓದಿ.”

ಅಷ್ಟರಲ್ಲಿ ಡಾರ್ಕಸ್ ವೀಲಾಕ್ ಊರ ಕಡೆಯಿಂದ ನಡೆದು ಬರುತ್ತಿದ್ದಳು. ನಲವತ್ತರ ಹೆಂಗಸು, ಕಪ್ಪು ಬಟ್ಟೆ, ಪಾದರಕ್ಷೆಯ ತುಂಬ ಕೆಸರು.

“ನಿಮ್ಮ ಠಾಣೆಗೇ ಹೋಗಿದ್ದೆ,” ಎಂದಳು. “ಕದ್ದಿದ್ದು ನಾನು, ಆ ಬಡಪಾಯಿನ ಬಿಡಿ ಅಂದೆ. ನಿಮ್ಮ ರೂಫ್, ಮನೆಗೆ ಹೋಗಿ ಮಲ್ಕೊಳಮ್ಮ ಅಂದ. ಈ ಊರಲ್ಲಿ ನನ್ನ ಬಾಯಿಮಾತು ಯಾರಿಗೂ ಬೇಡ.”

ಅಡುಗೆಮನೆಯ ಮೇಜಿನ ಮೇಲೆ ಅಚ್ಚು ಬಿದ್ದಿತ್ತು. ಕೊಡಲಿಯ ಹಿಂಬದಿಯಿಂದ ಜಜ್ಜಿದ್ದರು, ಒಂದಕ್ಷರವೂ ಉಳಿದಿರಲಿಲ್ಲ. ಪಕ್ಕದಲ್ಲೇ ಉಳಿಯೂ ಇತ್ತು. ಬಚ್ಚಿಡುವ ಗೋಜಿಗೇ ಹೋಗಿರಲಿಲ್ಲ ಅವಳು.

“ಯಾವಾಗ ಹೋದ್ರಿ?”

“ಬುಧವಾರ, ಊರು ಮಲಗಿದ ಮೇಲೆ.”

“ಜೊತೇಲಿ ಯಾರಿದ್ರು?”

“ಯಾರೂ ಇಲ್ಲ.”

“ಚೌಕಟ್ಟು ಬಿಚ್ಚೋದು ಹೇಗೆ ಗೊತ್ತಾಯ್ತು?”

“ನನ್ನ ಹೆಸರು ತೆಗೀರಿ ಅಂತ ಬೇಡ್ಕೊಳ್ಳೋಕೆ ಹೋದಾಗೆಲ್ಲ ಪೆನ್ನಿಮನ್ ನನ್ನ ಮುಂದೇನೇ ಬಿಚ್ತಾ ಬಿಗೀತಾ ಇದ್ರು. ನೋಡಿ ನೋಡಿ ಕಲ್ತೆ.”

ಮಾರ್ಷಲ್ ಕುರ್ಚಿ ಎಳೆದುಕೊಂಡ. ಟಾನಿಕ್ ಕಂಪನಿಯ ಏಜೆಂಟ್ ಬಂದಾಗ ಆ ಕಾಗದ ಬರೆದುಕೊಟ್ಟವಳು ತಾನೇ ಎಂದು ಡಾರ್ಕಸ್ ಒಪ್ಪಿದಳು. ಯಾರೂ ಬಲವಂತ ಮಾಡಿರಲಿಲ್ಲ. ಆಗ ಅವಳ ಕಣ್ಣಿಗೆ ಅದು ನಿಜವೇ ಆಗಿತ್ತು: ಟಾನಿಕ್ ಹೊಟ್ಟೆಗೆ ಬಿದ್ದರೆ ಏಸಾ ಶಾಂತವಾಗುತ್ತಿದ್ದ, ಹಾಡುತ್ತಿದ್ದ, ಅವಳನ್ನು ನಗಿಸುತ್ತಿದ್ದ. ಚಮಚ ಹೋಗಿ ಲೋಟ ಬಂತು. ಸಂಘದ ಹೆಂಗಸರೂ ತಲೆನೋವಿಗೆ, ಸುಸ್ತಿಗೆ ಅದನ್ನೇ ಕುಡಿಯುತ್ತಿದ್ದರು. ಹೆಂಡದ ವಾಸನೆಗೇ ಮೂಗು ಮುಚ್ಚಿಕೊಳ್ಳುವ ಆ ಊರಿನಲ್ಲಿ ಔಷಧಿ ಅಂಗಡಿಯ ಬಾಟ್ಲಿಯನ್ನು ಅನುಮಾನಿಸುವವರೇ ಇರಲಿಲ್ಲ.

“ಸಾಯೋ ಮುಂಚೆ ಕೌಂಟಿ ಕೇಂದ್ರದಿಂದ ಮುದಿ ಡಾಕ್ಟರ್ ಬಂದ್ರು. ಎಷ್ಟು ಕುಡೀತಿದ್ದ ಅಂದ್ರು. ನಾಲ್ಕು ವರ್ಷದಿಂದ ಒಂದು ಹನಿ ಮುಟ್ಟಿಲ್ಲ ಸ್ವಾಮಿ ಅಂತ ನಾನು ಜಗಳಕ್ಕೇ ಹೋದೆ. ಆಮೇಲೆ ಅವ್ರು ಮಾಡಿ ತೋರಿಸಿದ್ರು. ನೋಡಿ.”

ಅವಳು ಬಾಟ್ಲಿಯಿಂದ ಒಂದು ಚಮಚಕ್ಕೆ ಸುರಿದು, ಒಲೆಯ ಮೇಲೆ ಬಿಸಿ ಮಾಡಿ, ಕಡ್ಡಿ ಗೀರಿ ಹಿಡಿದಳು. ನೀಲಿ ಉರಿ ಹತ್ತಿಕೊಂಡು ಸುಮಾರು ಹೊತ್ತು ಉರಿಯಿತು.

“ಬೇರಿನ ಕಷಾಯ ಹೀಗೆ ಉರಿಯುತ್ತಾ? ವಿಸ್ಕಿ, ಮಾರ್ಷಲ್ರೇ. ನನ್ನ ಗಂಡ ಪ್ರಮಾಣ ಮುರೀಲಿಲ್ಲ. ಮುರಿಸ್ದೋಳು ನಾನು, ಈ ಕೈಯಲ್ಲೇ ಕುಡಿಸ್ದೆ.”

ಮಾರ್ಷಲ್ ಬಾಟ್ಲಿಗೆ ಬಿರಡೆ ಹಾಕಿ ಪಕ್ಕಕ್ಕಿಟ್ಟ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ: “ಡಾರ್ಕಸಮ್ಮ, ಇದು ಕನ್ನ ಹಾಕಿದ ಕೇಸು. ಕೋರ್ಟಿಗೆ ಹೋದ್ರೆ ಜೈಲು ಖಂಡಿತ. ಅಚ್ಚಿನ ಖರ್ಚು ಕೊಟ್ಟು ತಪ್ಪಾಯ್ತು ಅನ್ನಿ. ಪೆನ್ನಿಮನ್ ಕೈಲಿ ದೂರು ವಾಪಸ್ ತೆಗೆಸೋದು ನನಗೆ ಬಿಡಿ.”

“ಬೇಡ.”

“ಹಟ ಯಾಕೆ?”

“ಕೋರ್ಟಲ್ಲಿ ಹೇಳಿದ್ದೆಲ್ಲ ಬೀಕನ್‌ನಲ್ಲಿ ಬರುತ್ತೆ ತಾನೇ?”

ಬರುತ್ತಿತ್ತು. ಗ್ರೆಂಡನ್‌ನವರು ಪತ್ರಿಕೆ ಬಿಡಿಸಿದರೆ ಮೊದಲು ಓದುವುದೇ ಕೋರ್ಟಿನ ಅಂಕಣ. ಯಾರ ಹಂದಿ ಯಾರ ತೋಟಕ್ಕೆ ನುಗ್ಗಿತು, ಯಾರು ಯಾರನ್ನು ಏನೆಂದು ಬೈದರು, ನ್ಯಾಯಾಧೀಶರು ಎಷ್ಟು ಸಲ ಕೆಮ್ಮಿದರು ಎಂಬುದನ್ನೂ ಪೆನ್ನಿಮನ್ ಬಿಡುತ್ತಿರಲಿಲ್ಲ.

“ಬರುತ್ತೆ,” ಎಂದ ಮಾರ್ಷಲ್.

“ಹಂಗಾದ್ರೆ ಕರ್ಕೊಂಡು ಹೋಗಿ. ಪೇಪರಲ್ಲಿ ಇರೋ ಡಾರ್ಕಸ್ ಮಾತನ್ನ ಅಲ್ಮೀಡಾ ನಂಬ್ತಾಳೆ. ಪೇಪರಲ್ಲೇ ಹೇಳ್ತೀನಿ. ಎನಸ್‌ನ ಕಣ್ಣು ನೋಡಿದ್ರಲ್ಲ? ಏಸಾನ ಕಣ್ಣೂ ಹಂಗೇ ಇತ್ತು, ಬೇಸಿಗೆಯಲ್ಲಿ.”

ಅಂದು ಸಂಜೆ ನಾಲ್ಕಕ್ಕೆ ಡಾರ್ಕಸ್ ವೀಲಾಕಳ ದಸ್ತಗಿರಿಯಾಯಿತು. ಅಲೆಮಾರಿಯನ್ನು ಬಿಟ್ಟು ಕಳಿಸಿದರು. ರೂಫ್ ಅವನ ಕೊಳವೆಯನ್ನು ಹಿಂದಿರುಗಿಸಿದ. ರೂಫ್‌ನ ಮಟ್ಟಿಗೆ ಅದೇ ಕ್ಷಮೆಯಾಚನೆ.

ಮಾರ್ಚ್ 21, ಸೋಮವಾರ ಕೌಂಟಿ ಕೋರ್ಟು ಗ್ರೆಂಡನ್‌ನಲ್ಲೇ ಸೇರಿತು. ಡಾರ್ಕಸ್ ತಪ್ಪೊಪ್ಪಿಕೊಂಡಳು. ಹೇಳುವುದೇನಾದರೂ ಇದೆಯೇ ಎಂದು ನ್ಯಾಯಾಧೀಶರು ಕೇಳಿದರು. ಇದೆ ಎಂದಳು. ಮೇಜಿನ ಪಕ್ಕ ಪೆನ್ಸಿಲ್ ಹಿಡಿದು ಕೂತಿದ್ದ ಪೆನ್ನಿಮನ್ ಕಡೆಗೇ ತಿರುಗಿ, ಶಾಲೆಯಲ್ಲಿ ಉಕ್ತಲೇಖನ ಹೇಳುವಂತೆ ನಿಧಾನವಾಗಿ, ಒಂದೊಂದು ವಾಕ್ಯಕ್ಕೂ ನಿಲ್ಲಿಸಿ ಹೇಳಿದಳು: ಬಾಟ್ಲಿ, ಲೋಟ, ಹಳದಿ ಕಣ್ಣು, ನೀಲಿ ಉರಿ. ಟಾನಿಕ್ಕಿನ ವಿಚಾರ ಈ ಕೇಸಿಗೆ ಸಂಬಂಧವಿಲ್ಲ ಎಂದು ನ್ಯಾಯಾಧೀಶರು ನಡುವೆ ಬಾಯಿ ಹಾಕಿದರು. ಅವಳು ನಿಲ್ಲಿಸಲಿಲ್ಲ. ಪೆನ್ಸಿಲ್ ಓಡುತ್ತಲೇ ಇತ್ತು. ಮಾರ್ಷಲ್ ಕಣ್ಣಾರೆ ನೋಡಿದ. ಆರು ತಿಂಗಳು ಜೈಲು ಎಂದಾಗ ಅವಳ ಮುಖದಲ್ಲಿ ನೆಮ್ಮದಿಯಿತ್ತು.

ಗುರುವಾರ ಪತ್ರಿಕೆ ಬಂತು. ಕೋರ್ಟಿನ ಅಂಕಣದಲ್ಲಿ ಮೂರು ಸಾಲು: “ಈ ಪತ್ರಿಕೆಯ ಮುದ್ರಣಾಲಯಕ್ಕೆ ಕನ್ನ ಹಾಕಿದ ಗಿರಣಿ ರಸ್ತೆಯ ಮಹಿಳೆಯೊಬ್ಬರಿಗೆ ಆರು ತಿಂಗಳ ಸಜೆಯಾಗಿದೆ. ಆಕೆ ತಪ್ಪೊಪ್ಪಿಕೊಂಡಿದ್ದಾರೆ. ಕೃತ್ಯಕ್ಕೆ ಕಾರಣ ತಿಳಿದುಬಂದಿಲ್ಲ.” ಅದೇ ಪುಟದ ಇನ್ನೊಂದು ಮೂಲೆಯಲ್ಲಿ ಡಾರ್ಕಸ್ ವೀಲಾಕ್ ಅಕ್ಕತಂಗಿಯರಿಗೆ ಟಾನಿಕ್ ಕೊಡಿ ಎನ್ನುತ್ತಿದ್ದಳು. ಸೇಂಟ್ ಲೂಯಿಸ್‌ನಿಂದ ಹೊಸ ಅಚ್ಚು ರೈಲಿನಲ್ಲಿ ಬಂದಿತ್ತು.

ಮಾರ್ಷಲ್ ಪತ್ರಿಕೆಯನ್ನು ಪೆನ್ನಿಮನ್‌ನ ಮೇಜಿನ ಮೇಲೆ ಬಿಸಾಕಿದ. “ಕಾರಣ ತಿಳಿದುಬಂದಿಲ್ವಾ?”

ಪೆನ್ನಿಮನ್ ಕಂಪನಿಯ ಕರಾರು ತೆಗೆದು ಕೆಂಪು ಅಕ್ಷರದ ಒಂದು ಸಾಲಿನ ಮೇಲೆ ಬೆರಳಿಟ್ಟ. ಪತ್ರಿಕೆಯ ಯಾವುದೇ ಅಂಕಣದಲ್ಲಿ ಔಷಧಿಗೆ ಕುಂದು ತರುವ ಒಂದು ಮಾತು ಬಂದರೂ ಕರಾರು ಆ ಕ್ಷಣಕ್ಕೇ ರದ್ದು.

“ಬರ್ದೆ ಮಾರ್ಷಲ್ರೇ. ಪೂರ್ತಿ ಬರ್ದೆ. ಅಚ್ಚಿನ ಮೊಳೆ ಜೋಡಿಸಿದ್ದೂ ಆಗಿತ್ತು. ಕೊನೇಗೆ ಕೈ ಬರ್ಲಿಲ್ಲ. ಕಾಗದ ತರಿಸೋದೇ ಅವರ ದುಡ್ಡಲ್ಲಿ. ನಾನು ಮುಚ್ಚಿದ್ರೆ ಊರಿಗೆ ಪೇಪರೇ ಇರಲ್ಲ.”

“ಇದ್ದು ಏನ್ ಕಿಸೀತು?” ಎಂದು ಮಾರ್ಷಲ್ ಹೊರಗೆ ಬಂದ.

ಅಲ್ಲಿಂದ ನೇರ ಗಿರಣಿ ರಸ್ತೆಗೆ ಹೋದ. ಅಲ್ಮೀಡಾಳನ್ನು ಜಗಲಿಯಲ್ಲೇ ನಿಲ್ಲಿಸಿಕೊಂಡು, ಕೋರ್ಟಿನಲ್ಲಿ ಕೇಳಿದ್ದನ್ನೂ ಅಡುಗೆಮನೆಯಲ್ಲಿ ಕಂಡದ್ದನ್ನೂ ಒಂದೂ ಬಿಡದೆ ಹೇಳಿದ. ತನ್ನ ಎದುರಿಗೇ ಉರಿಯಿತು ಎಂದ. ಬೇಕಾದರೆ ಈಗಲೇ ಉರಿಸಿ ತೋರಿಸುತ್ತೇನೆ ಎಂದ.

“ಅಯ್ಯೋ, ಔಷಧಿಗೆ ಬೆಂಕಿ ಹಚ್ತಾರಾ?” ಎಂದಳು ಅಲ್ಮೀಡಾ. ಅವಳ ಕೈಯಲ್ಲಿ ಆ ವಾರದ ಬೀಕನ್ ಇತ್ತು. “ನೀವು ಒಳ್ಳೇವ್ರು, ಅವಳ ಗೋಳು ನೋಡಿ ಕರಗಿದೀರಿ. ಅಂಥದ್ದೇನಾದ್ರೂ ಇದ್ದಿದ್ರೆ ಪೆನ್ನಿಮನ್ ಹಾಕದೆ ಬಿಡ್ತಿದ್ರಾ? ನಮ್ಮ ಹಂದಿ ವಿಷಯಾನೇ ಅರ್ಧ ಪುಟ ಹಾಕಿದ್ರು. ಇಲ್ಲೇ ಇದೆ ನೋಡಿ, ಕಾರಣ ಗೊತ್ತಿಲ್ಲ ಅಂತ.”

ಒಳಗಿನಿಂದ ಎನಸ್ ಹಾಡುತ್ತಿದ್ದ.

ಡಾರ್ಕಸಳನ್ನು ಕೌಂಟಿ ಜೈಲಿಗೆ ಒಯ್ಯುವ ಬಂಡಿ ಮಾರನೆಯ ದಿನ ಬರುವುದಿತ್ತು. ಮಾರ್ಷಲ್ ಠಾಣೆಗೆ ಬಂದಾಗ ಅವಳು ಲಾಕಪ್ಪಿನ ಸರಳು ಹಿಡಿದು ನಿಂತಿದ್ದಳು.

“ಪೇಪರ್ ಬಂತಾ?”

“ಬಂತು.”

“ಅಲ್ಮೀಡಾ ಓದಿದ್ಲಾ?”

ಮಾರ್ಷಲ್ ಟೋಪಿ ತೆಗೆದು ಮೊಳೆಗೆ ಹಾಕಿದ. ಹಾಕಿದ ಮೇಲೂ ಗೋಡೆಯ ಕಡೆಗೇ ತಿರುಗಿ ನಿಂತಿದ್ದ.

“ಓದಿದ್ಲು. ಬಾಟ್ಲಿ ಚೆಲ್ಲಿದ್ಲು.”

“ಪೂರ್ತಿ?”

“ಪೂರ್ತಿ.”

ಡಾರ್ಕಸ್ ಬೆಂಚಿನ ಮೇಲೆ ಕುಸಿದು ಕೂತಳು. ಸೆರಗಿನಂತೆ ಹೊದ್ದಿದ್ದ ಶಾಲಿನಲ್ಲಿ ಮುಖ ಒರೆಸಿಕೊಂಡು ನಕ್ಕಳು. ಆ ನಾಲ್ಕು ತಿಂಗಳಲ್ಲಿ ಅವಳು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

“ಹಂಗಾದ್ರೆ ಸರಿ ಬಿಡಿ ಮಾರ್ಷಲ್ರೇ,” ಎಂದಳು. “ಆರು ತಿಂಗಳು ಏನ್ ಮಹಾ.”