ಹನೋರಾ ಅಜ್ಜಿಯ ವಯಸ್ಸು

"ಹನೋರಾ ಡರ್ಕನ್ ಅಂತ, ನಮ್ಮಜ್ಜಿ. ಮೇಯೋ ಜಿಲ್ಲೆ ಕಡೆಯವರು. ಹಳೇ ಜನಗಣತಿ ಹಾಳೆ ನೋಡಬೇಕಿತ್ತು."

ಆ ದನಿಗೆ ದಾಖಲೆ ಕಚೇರಿಯ ಮೇಜಿನ ಹಿಂದೆ ಕೂತಿದ್ದ ಡೀಲಿಯಾಳ ಲೇಖನಿ ನಿಂತಿತು. ತಲೆಯೆತ್ತಿದಳು. ಫಿಂಟನ್!

ಒಂದು ವರ್ಷ, ಎರಡು ತಿಂಗಳು... ಲೆಕ್ಕ ಇಡುವುದನ್ನು ಬಿಟ್ಟಿದ್ದೇನೆಂದು ತನಗೆ ತಾನೇ ಸುಳ್ಳು ಹೇಳಿಕೊಂಡಿದ್ದಳು, ಪಾಪ.

"ನೀವಿನ್ನೂ ಇಲ್ಲೇ ಇದೀರಾ ಮೇಡಂ? ಬೇರೆ ಯಾರಾದ್ರೂ ಇರ್ತಾರೆ ಅಂದ್ಕೊಂಡು ಬಂದೆ."

'ನೀವು' ಅಂದನಲ್ಲ... ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

"ಹಾಳೆ ಯಾಕೆ?" ಎಂದಳು ಮೆಲ್ಲಗೆ.

"ಅಜ್ಜಿ ಸಮಾಧಿಗೆ ಅಪ್ಪ ಕಲ್ಲು ನಿಲ್ಲಿಸ್ತಿದಾರೆ. ವಯಸ್ಸು ಕೆತ್ತಿಸಬೇಕು. ಸರಿಯಾಗಿ ಯಾರಿಗೂ ಗೊತ್ತಿಲ್ಲ."

ಡೀಲಿಯಾ ಏಳಲಿಲ್ಲ. ಆ ಹಾಳೆ ಅವಳಿಗೆ ಬಾಯಿಪಾಠವಾಗಿತ್ತು.

ಮದುವೆ ಗೊತ್ತಾದ ಖುಷಿಯಲ್ಲಿ, ಡಬ್ಲಿನ್‌ನ ಈ ದಾಖಲೆ ಕಚೇರಿಯಲ್ಲಿ ಅವಳೇ ಅದನ್ನು ಹುಡುಕಿ ತೆಗೆದಿದ್ದಳು. 1911ನೇ ಇಸವಿ. ಹನೋರಾ, ವಯಸ್ಸು ಎಪ್ಪತ್ತು. ಮಗ ಟಾಮ್, ವಯಸ್ಸು ಹತ್ತು. ಟಾಮ್ ಎಂದರೆ ಫಿಂಟನ್‌ನ ಅಪ್ಪ. ಅರವತ್ತಕ್ಕೆ ಹೆರುವವರುಂಟೇ?

ಟಾಮ್ ಹುಟ್ಟಿದ ವರ್ಷವೇ ಹನೋರಾಳ ಪಕ್ಕದ ಮನೆಯ ಕೇಟ್ ಯಾರಿಗೂ ಹೇಳದೆ ಹಡಗು ಹತ್ತಿದ್ದಳು. ಈ ಕೇಟ್, ಡೀಲಿಯಾಳ ಸ್ವಂತ ಅಜ್ಜನ ತಂಗಿ. ಅಂದರೆ ಮಗು ಅವಳದ್ದು... ಅಂದರೆ ಫಿಂಟನ್ ತನ್ನ ರಕ್ತಸಂಬಂಧಿ!

ಅಂಥವರ ಮದುವೆಗೆ ಚರ್ಚಿನ ವಿಶೇಷ ಅನುಮತಿ ಬೇಕು. ಕೇಳಬೇಕಾದರೆ ಎಲ್ಲ ಬಾಯಿಬಿಡಬೇಕು. 'ನಮ್ಮಮ್ಮ' ಎನ್ನುವಾಗ ಈಗಲೂ ಕಣ್ಣು ತುಂಬಿಕೊಳ್ಳುವ ಟಾಮ್‌ಗೆ ಈ ವಯಸ್ಸಿನಲ್ಲಿ ಆ ಅವಮಾನವೇ? ಡೀಲಿಯಾ ಉಂಗುರವನ್ನು ಅಂಚೆಯಲ್ಲಿ ಕಳಿಸಿಬಿಟ್ಟಳು. ಕಾರಣ ಬರೆಯಲಿಲ್ಲ.

"ಹಾಳೆ ಬೇಡ ಫಿಂಟನ್. ಕೈ ಮುಗೀತೀನಿ, ವಾಪಸ್ ಹೋಗು."

"ಉಂಗುರಕ್ಕೂ ಕಾರಣ ಹೇಳ್ಲಿಲ್ಲ, ಇದಕ್ಕೂ ಹೇಳಲ್ವಾ?"

ಅವಳ ಕಣ್ಣು ತುಂಬಿ ಹರಿಯಿತು. ಇನ್ನು ಮುಚ್ಚಿಡಲು ಅವಳಿಂದಾಗಲಿಲ್ಲ. ಪಿಸುದನಿಯಲ್ಲಿ ಎಲ್ಲ ಹೇಳಿದಳು.

ಫಿಂಟನ್ ನಕ್ಕುಬಿಟ್ಟ.

"ಪಿಂಚಣಿ ಕಣೇ. ಎಪ್ಪತ್ತಾದೋರಿಗೆ ಸರ್ಕಾರ ದುಡ್ಡು ಕೊಡುತ್ತೆ ಅಂದಿದ್ದೇ ತಡ, ಅಜ್ಜಿಗೆ ಎಪ್ಪತ್ತಾಯ್ತು."

"ಎರಡೋ ಮೂರೋ ವರ್ಷ ಸೇರಿಸ್ಕೊಂಡೋರನ್ನ ನೋಡಿದೀನಿ. ಅರವತ್ತಕ್ಕೆ ಹೆತ್ತಂಗೆ ಕಾಣೋಷ್ಟು ಯಾರು ಸೇರಿಸ್ತಾರೆ?"

"ನೀನು ನಮ್ಮಜ್ಜಿನ ನೋಡಿಲ್ಲ."

"1901ರ ಹಾಳೇಲಿ ನಿಮ್ಮನೇಲಿ ಅವರ ಹೆಸರೇ ಇಲ್ಲ."

"ಹೆರಿಗೆಗೆ ತವರಿಗೆ ಹೋದೋರ ಹೆಸರು ಇಲ್ಲೆಲ್ಲಿಂದ ಬರುತ್ತೆ? ಕೆರೆ ಆಚೆ ಊರಿನ ಕಟ್ಟು ತೆಗಿ."

ಡೀಲಿಯಾ ಎದ್ದು ಕಟ್ಟು ತಂದು ಬಿಚ್ಚಿದಳು. ಮನೆಯ ಯಜಮಾನನ ಹೆಸರಿನ ಕೆಳಗೆ ಎರಡು ಸಾಲು. ಮಗಳು ಹನೋರಾ, ನಲವತ್ತೈದು. ಮೊಮ್ಮಗ ಟಾಮ್, ಒಂದು ತಿಂಗಳು.

"ಮತ್ತೆ... ಕೇಟ್?"

"ಐವತ್ತು ವರ್ಷದ ದನದ ವ್ಯಾಪಾರಿಗೆ ಕಟ್ಟೋಕೆ ಹೊರಟಿದ್ರು, ಓಡಿಹೋದ್ಲು. ನಮ್ಮೂರಲ್ಲಿ ಯಾರನ್ನ ಕೇಳಿದ್ರೂ ಹೇಳ್ತಿದ್ರು. ನೀನು ಪಟ್ಟಣದೋಳು, ಕಾಗದಾನ ಕೇಳಿದೆ."

ಡೀಲಿಯಾ ಮುಖ ಮುಚ್ಚಿಕೊಂಡು ಬಿಕ್ಕಿದಳು. ಹದಿನಾಲ್ಕು ತಿಂಗಳು! ಪ್ರತಿ ಭಾನುವಾರ ಅವನಿಗೊಂದು ಪತ್ರ ಬರೆದು ಹರಿದಿದ್ದಳು.

"ನಮ್ಮ ಹೊಲ, ಕೆಸರು ನಿನಗೆ ಬೇಡವಾಯ್ತು ಅಂದ್ಕೊಂಡೆ," ಎಂದ ಅವನು. ಈಗ ದನಿಯಲ್ಲಿ ನಗುವಿರಲಿಲ್ಲ. "ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಇದನ್ನ ಕೇಳಿದ್ಮೇಲೆ ನಿಮ್ಮಪ್ಪನ ಎದುರು ಕೂತು ಊಟ ಮಾಡ್ತಿದ್ಯಾ ನೀನು?"

ಅವನು ಹಾಳೆಯನ್ನು ಪಕ್ಕಕ್ಕೆ ಸರಿಸಿದ. ತನ್ನ ಅಪ್ಪನಿಗೋಸ್ಕರ ಈ ಹುಡುಗಿ ಒಬ್ಬಳೇ ಇಷ್ಟು ದಿನ ಅತ್ತಳೇ... ಮೇಜಿನಾಚೆಯಿಂದ ಕೈ ಚಾಚಿ ಅವಳ ಬೆರಳು ಹಿಡಿದುಕೊಂಡ.

"ನನ್ನ ಕೆಲಸ ಮುಗಿಯೋದು ಐದೂವರೆಗೆ," ಎಂದಳು ಡೀಲಿಯಾ, ಕಣ್ಣೊರೆಸಿಕೊಳ್ಳುತ್ತಾ.

"ನನ್ನ ರೈಲು ನಾಲ್ಕಕ್ಕೆ."

ಅವಳ ಮುಖ ಬಾಡಿತು. "ಹಾಗಾದ್ರೆ... ಹೋಗ್ತೀಯಾ?"

"ಒಬ್ಬನೇ ಹೋಗೋಕೆ ಮನಸ್ಸಿಲ್ಲ ಕಣೇ."