ಟಗರುಕೊಂಬಿನ ಸೈಕಲ್ಲು

"ಯಾರ್ರೀ ಇಲ್ಲಿ ಮೆಕ್ಯಾನಿಕ್ಕು? ಹೊರಗೆ ಬನ್ರೀ!"

ನೊಣವಿನಕೆರೆ ಬಸ್‌ಸ್ಟಾಂಡಿನ ಪಕ್ಕದ ಅಂಗಡಿ ಮುಂದೆ ಪುಷ್ಪಲತಾ ತನ್ನ ಸೈಕಲ್ಲನ್ನು ಎತ್ತಿ ನೆಲಕ್ಕೆ ಕುಕ್ಕಿದಳು. ಮುಂದಿನ ಚಕ್ರ ಕರಿದ ಹಪ್ಪಳದಂತೆ ಸೊಟ್ಟಗಾಗಿತ್ತು. ಹೆಗಲಲ್ಲಿ ಅಂಚೆ ಚೀಲ, ಮೊಣಕೈಯಲ್ಲಿ ರಕ್ತ, ಚೂಡಿದಾರದ ತುಂಬಾ ಕಾಲುವೆಯ ಕೆಸರು.

ಒಳಗೆ ಟ್ಯೂಬಿಗೆ ಪಂಕ್ಚರ್ ಹಾಕುತ್ತಿದ್ದ ಮೈಲಾರಿ ಕೈ ಒರೆಸಿಕೊಂಡು ಎದ್ದು ಬಂದ. ಮೂವತ್ತೈದರ ಆಳು. ಚಕ್ರ ನೋಡಿದ. ಆಮೇಲೆ ಅವಳ ಮೊಣಕೈ ನೋಡಿದ.

"ಹೋದ ವಾರ ನಮ್ಮಣ್ಣ ಬೀರೇಶ ಇದನ್ನ ನಿಮ್ಮ ಹತ್ರಾನೇ ರಿಪೇರಿ ಮಾಡಿಸಿದ್ದು. ಇವತ್ತು ನಾನು ಕಾಲುವೆಗೆ ಬಿದ್ದೆ! ಇದೇನಾ ನಿಮ್ಮ ಕೆಲಸ?"

"ಚಕ್ರ ಸರಿಯಾಗೇ ಇತ್ತು ಕಣ್ರೀ. ಟಾರು ರೋಡಿನ ಸೈಕಲ್ಲನ್ನ ತೆಂಗಿನ ಮಟ್ಟೆ ಗುಡ್ಡೆ ಮೇಲೆ ಹತ್ತಿಸಿದ್ರೆ ಅದೇನ್ ಮಾಡ್ತದೆ ಪಾಪ?"

"ಅಂದ್ರೆ ತಪ್ಪು ನಂದು?"

"ಸೈಕಲ್‌ದಂತೂ ಅಲ್ಲ. ಸುಮ್ನೆ ಒಂದು ಸ್ಕೂಟಿ ತಗಂಬುಡಿ."

ಅಷ್ಟೇ ಸಾಕಾಯಿತು!

"ಸ್ಕೂಟಿ! ನೀವೂ ಅಂದ್ರಾ? ತೋಟದ ಬದು ಮೇಲೆ ಸ್ಕೂಟಿ ಓಡಿಸಿ ತೋರಿಸ್ರೀ ನೋಡೋಣ! ಕಾಲುವೆ ಮೇಲೆ ತೆಂಗಿನ ದಿಮ್ಮಿ ಹಾಕವ್ರೆ, ಅದನ್ನ ದಾಟಿಸಿ ನೋಡೋಣ! ಸೈಕಲ್ ಆದ್ರೆ ಹೆಗಲ ಮೇಲೆ ಹೊತ್ತು ದಾಟ್ತೀನಿ. ಸ್ಕೂಟೀನ ನೀವು ಬಂದು ಹೊರ್ತೀರಾ?"

ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು.  ಮೈಲಾರಿ ಕುಕ್ಕರಗಾಲಲ್ಲಿ ಕೂತು ಚಕ್ರವನ್ನು ಒಂದು ಸುತ್ತು ತಿರುಗಿಸಿದ.

"ದಿನಾ ಎಲ್ಲೆಲ್ಲಿ ಹೋಗ್ತೀರಿ? ಸರಿಯಾಗಿ ಹೇಳಿ."

ಪುಷ್ಪಲತಾಳ ಬಾಯಲ್ಲಿದ್ದ ಬೈಗುಳ ಬಾಯಲ್ಲೇ ನಿಂತಿತು. ಅಂಚೆ ಹಂಚುವ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಈ ಪ್ರಶ್ನೆಯನ್ನು ಇದುವರೆಗೆ ಒಬ್ಬರೂ ಕೇಳಿರಲಿಲ್ಲ...

"ಮೊದಲು ಟಾರು ರೋಡು. ಆಮೇಲೆ ಕಾಲುವೆ ದಾರಿ, ತೋಟದ ಬದು, ಕೆರೆ ಏರಿ ಮೇಲಿನ ಕಲ್ಲು. ಮತ್ತೆ ಟಾರು."

"ನಾಳೆ ನಿಮ್ಮ ಹಿಂದೆ ಬತ್ತೀನಿ."

"ಯಾಕ್ರೀ?" ಅವಳ ಕಣ್ಣು ಕೆಂಪಾಯಿತು.

"ದಾರಿ ನೋಡೋಕೆ. ಅದ್ಯಾಕೆ ಹಂಗ್ ನೋಡ್ತೀರಿ? ಟಾರಿಗೂ ಮಣ್ಣಿಗೂ ಎರಡಕ್ಕೂ ಆಗೋ ಸೈಕಲ್ ಮಾಡ್ಬೋದು. ಮೈಸೂರಲ್ಲಿ ಎಂಟು ವರ್ಷ ಅದನ್ನೇ ಮಾಡ್ತಿದ್ದೆ."

ಸೊಟ್ಟ ಚಕ್ರವನ್ನು ಅಂದೇ ನೆಟ್ಟಗೆ ಮಾಡಿಕೊಟ್ಟು, ಮರುದಿನ ಅವನು ನಿಜವಾಗಿಯೂ ಬಂದ. ಇಪ್ಪತ್ತು ಮಾರು ದೂರದಲ್ಲೇ ಇದ್ದ.  ಎಲ್ಲಿ ಅವಳು ಇಳಿದು ತಳ್ಳುತ್ತಾಳೆ, ಎಲ್ಲಿ ಹೊರುತ್ತಾಳೆ, ಎಲ್ಲಿ ಚೀಲ ಜಾರುತ್ತದೆ ಎಂದು ನೋಡಿಕೊಂಡು ವಾಪಸ್ ಹೋದ.

ಅವಳು ಕೊಟ್ಟ ಮುಂಗಡದಲ್ಲಿ ತುಮಕೂರಿನ ಗುಜರಿಯಿಂದ ಒಂದು ಗಟ್ಟಿ ಉಕ್ಕಿನ ಫ್ರೇಮು ತಂದ. ಅವಳ ಕಾಲಿನ ಉದ್ದ ಬೇಕಿತ್ತು. ಮನೆಗೆ ಕರೆದವನು ತಾನೇ ಕೇಳಲು ನಾಚಿ ಬಾಗಿಲಾಚೆ ನಿಂತು, "ಅವ್ವಾ, ನೀನೇ ಅಳೆದು ಹೇಳು" ಎಂದ.

ಅವನ ತಾಯಿ ಕೊಲ್ಲಾಪುರಮ್ಮ ತೆಂಗಿನ ಗರಿಯ ಕಡ್ಡಿ ಹಿಡಿದು ಬಂದಳು.

"ನೆಟ್ಟಗೆ ನಿಂತ್ಕಳವ್ವ. ಈ ನನ್ ಮಗ ಇಷ್ಟು ವಯಸ್ಸಾದ್ರೂ ಒಂದು ಹೆಣ್ಣು ನೋಡೋಕೆ ಬಾರ್ಲಾ ಅಂದ್ರೆ ಬರ್ನಿಲ್ಲ. ಸೈಕಲ್ಲಿಗೆ ಮಾತ್ರ ಅಳತೆ ಬೇಕಂತೆ!"

"ಅವ್ವಾ!" ಹೊರಗಿನಿಂದ ಗದರಿಕೆ ಕೇಳಿತು.

ಪುಷ್ಪಲತಾ ನಕ್ಕಳು. ನಕ್ಕಿದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು. 'ಇದೆಲ್ಲ ನಂಗೆ ಬೇಡ. ಒಂದು ಸಲ ಆಗಿದ್ದು ಸಾಲದಾ?'

ಅವಳಿಗೆ ಆಗಿದ್ದು ಇಷ್ಟು. ನಾಲ್ಕು ವರ್ಷದ ಹಿಂದೆ ತುರುವೇಕೆರೆ ಕಡೆಗೆ ಮದುವೆ ಮಾಡಿ ಕೊಟ್ಟರು. ಅಳಿಯನಿಗೆಂದು ಅಪ್ಪ ಬೈಕು ಕೊಟ್ಟರು. ಈ ಕಡೆ ಹಾಗೆ ಕೊಟ್ಟ ಗಾಡಿಗಳ ಮೇಲೆಲ್ಲ ಬರೆಸುವಂತೆ ಅದರ ಮೇಲೂ ದೊಡ್ಡದಾಗಿ 'ತವರಿನ ಉಡುಗೊರೆ' ಎಂದು ಬರೆಸಿದ್ದರು. ಆ ಉಡುಗೊರೆಯನ್ನು ಅವಳು ಒಂದು ದಿನವೂ ಓಡಿಸಲಿಲ್ಲ. ಗಂಡ ಅದರಲ್ಲಿ ವರ್ಷ ಪೂರ್ತಿ ಸುತ್ತಿದ. ಆಮೇಲೆ ಕಾರು ಬೇಕೆಂದ. ಆಗುವುದಿಲ್ಲ ಎಂದಾಗ ಅದೇ ಬೈಕಿನ ಹಿಂದೆ ಕೂರಿಸಿಕೊಂಡು ಬಂದು, ತವರಿನ ಬಾಗಿಲಲ್ಲಿ ಇಳಿಸಿ, ತಿರುಗಿಯೂ ನೋಡದೆ ಹೋದ. ಇಂಥವನಿಗೆ ಏನೆನ್ನಬೇಕು? ಬೈಯಲು ತಕ್ಕ ಮಾತೂ ಸಿಗುವುದಿಲ್ಲ. ಕೊನೆಗೆ ಕೋರ್ಟಿನಲ್ಲಿ ಅವಳೇ ಆ ಮದುವೆಯನ್ನು ಮುಗಿಸಿಕೊಂಡಳು.

ಈ ಸೈಕಲ್ಲು ಅವಳು ತನ್ನ ಸಂಬಳದಲ್ಲಿ ಮಾಡಿಸುತ್ತಿದ್ದ ಮೊದಲ ವಸ್ತು. 'ಇದು ಯಾರೂ ಕೊಡಿಸಿದ್ದಲ್ಲ. ಇದು ನಂದು.' ರಾತ್ರಿ ಮಲಗುವಾಗ, ಬೆಳಿಗ್ಗೆ ಏಳುವಾಗ ಅವಳ ಮನಸ್ಸಿನಲ್ಲಿ ಇದ್ದದ್ದು ಇದೊಂದೇ ಮಾತು.

ಒಂದು ತಿಂಗಳು ದಿನಾ ಸಂಜೆ ಅಂಗಡಿಗೆ ಬಂದಳು. ದಿನಾ ಜಗಳ.

"ಇದೇನ್ರೀ ಹ್ಯಾಂಡಲ್ಲು ಟಗರು ಕೊಂಬಿನ ಥರ ಐತೆ?"

"ಟಾರಲ್ಲಿ ಗಾಳಿಗೆ ಬಗ್ಗಿ ಕೆಳಗೆ ಹಿಡ್ಕಳಿ. ಬದು ಮೇಲೆ ನೆಟ್ಟಗೆ ಕೂತು ಮೇಲೆ ಹಿಡ್ಕಳಿ. ಅದುಕ್ಕೆ ಎರಡು ಕೊಂಬು."

"ಟೈರು ಮಧ್ಯ ಬೋಳಾಗೈತೆ. ಹಳೇದು ಹಾಕಿದ್ರಾ?"

"ಹೊಸದು ಕಣ್ರೀ! ಮಧ್ಯ ನುಣುಪಿದ್ರೆ ಟಾರಲ್ಲಿ ಓಡ್ತದೆ. ಪಕ್ಕದ ಹಲ್ಲು ಮಣ್ಣು ಕಚ್ಚೋಕೆ. ಮಡ್‌ಗಾರ್ಡಿಗೂ ಟೈರಿಗೂ ಎರಡು ಬೆರಳು ಸಂದು ಬಿಟ್ಟಿದೀನಿ, ಕೆಮ್ಮಣ್ಣು ಮೆತ್ತಿ ಚಕ್ರ ಹಿಡ್ಕಬಾರ್ದು ಅಂತ. ಬೈಯೋಕೆ ಇನ್ನೇನಾದ್ರೂ ಉಳ್ಕಂಡೈತಾ?"

"ಅಂಚೆ ಚೀಲ ಎಲ್ಲಿಡ್ಲಿ? ತಲೆ ಮೇಲಾ?"

"ಮುಂದೆ ಕ್ಯಾರಿಯರ್ ಬೆಸುಗೆ ಹಾಕ್ತಾ ಇದೀನಿ. ಚೀಲ ನಿಮ್ಮ ಕಣ್ಣ ಮುಂದೇನೇ ಇರ್ಲಿ. ಒಂದೇ ಕಡೆ ಹೊತ್ತು ಹೊತ್ತು ನಿಮ್ಮ ಬಲಗಡೆ ಹೆಗಲು ಇಳಿದೋಗೈತೆ."

ಅವಳು ಚೀಲವನ್ನು ಎಡ ಹೆಗಲಿಗೆ ಬದಲಿಸಿದಳು. ತನ್ನ ಹೆಗಲು ಇಳಿದದ್ದು ಅವಳ ತಾಯಿಗೇ ಗೊತ್ತಾಗಿರಲಿಲ್ಲ. ಇವನಿಗೆ ಹೇಗೆ ಗೊತ್ತಾಯಿತು? 

ಸೈಕಲ್ಲು ಮುಗಿಯುವ ದಿನ ಬಂತು. ಅವಳು ಓಡುತ್ತಲೇ ಅಂಗಡಿಗೆ ಬಂದಳು. ಅಣ್ಣ ಬೀರೇಶ ಅಲ್ಲಿ ಟೀ ಕುಡಿಯುತ್ತಾ ನಿಂತಿದ್ದ.

"ಹೆಂಗೈತೆ ಲತಾ? ಬೊಂಬಾಟ್ ಅಲ್ವಾ?"

ಹಸಿರು ಬಣ್ಣ ಮಿರಮಿರನೆ ಹೊಳೆಯುತ್ತಿತ್ತು. ಅವಳು ಸುತ್ತಲೂ ಒಂದು ಸುತ್ತು ಬಂದಳು. ಹಿಂದಿನ ಮಡ್‌ಗಾರ್ಡಿನ ಹತ್ತಿರ ಅವಳ ಕಾಲು ನೆಲಕ್ಕೆ ಹೂತಂತೆ ನಿಂತಿತು.

ಎರಡು ಗುಲಾಬಿ ಹೂವಿನ ನಡುವೆ, ಹಳದಿ ಅಕ್ಷರದಲ್ಲಿ...

ತವರಿನ ಉಡುಗೊರೆ.

ಮುಖಕ್ಕೆ ಯಾರೋ ಹೊಡೆದ ಹಾಗಾಯಿತು.

"ಯಾರು ಬರೆಸಿದ್ದು ಇದನ್ನ?"

"ಪೇಂಟರ್ ಜ್ಞಾನೇಶ..." ಮೈಲಾರಿ ನಗುತ್ತಲೇ ಶುರು ಮಾಡಿದ. "ಚೆನ್ನಾಗಿ ಬರೆದವ್ನೆ ಅಲ್ವೇನ್ರೀ?"

"ಚೆನ್ನಾಗೈತಾ?" ಅವಳು ಕೂಗಿದ ರಭಸಕ್ಕೆ ಬೀರೇಶನ ಕೈಯ ಟೀ ಚೆಲ್ಲಿತು. "ಅಣ್ಣನ ಹತ್ರ ದುಡ್ಡು ತಗಂಡ್ರಾ? ನಂಗೆ ಹೇಳ್ದೆ ಇಬ್ರೂ ಸೇರಿ ಮಾತಾಡ್ಕಂಡ್ರಾ? ಗಂಡ ಬಿಟ್ಟೋಳು, ಇವಳಿಗೆ ಸ್ವಂತದ್ದು ಅಂತ ಏನಿರ್ತದೆ, ಯಾರಾದ್ರೂ ಕೊಟ್ಟಿದ್ದೇ ಇರ್ಬೇಕು ಅಂತಾನಾ?"

"ಲೇ ಲತಾ, ನಾನು ಗಾಳಿ ಹಾಕಿಸೋಕೆ ಬಂದಿದ್ದು..."

"ನೀನು ಸುಮ್ನಿರಣ್ಣ!"

"ಸ್ವಲ್ಪ ನನ್ ಮಾತು ಕೇಳ್ರೀ..." ಮೈಲಾರಿ ಮುಂದೆ ಬಂದ.

"ಒಂದು ತಿಂಗಳು ಕೇಳಿದೀನಿ! ನನ್ನ ದಾರಿ ನೋಡಿದ್ರಿ, ಕಾಲು ಅಳೆಸಿದ್ರಿ, ಹೆಗಲೂ ನೋಡಿದ್ರಿ. ಇದನ್ನ ಬರೆಸೋಕೆ ಮುಂಚೆ ಒಂದು ಮಾತು ನನ್ನ ಕೇಳೋಕೆ ಬಾಯಿ ಬರ್ಲಿಲ್ವಾ? ನಿಮ್ಮ ಸೈಕಲ್ ನೀವೇ ಇಟ್ಕಳ್ರೀ!"

ಚೀಲ ಹೆಗಲಿಗೇರಿಸಿ ಹೊರಟೇ ಹೋದಳು. ರಸ್ತೆ ತಿರುವು ದಾಟುವವರೆಗೆ ಕಣ್ಣೀರು ತಡೆದಳು. ಆಮೇಲೆ ಆಗಲಿಲ್ಲ.

'ಇವನು ಬೇರೆ ಥರ ಅಂದ್ಕೊಂಡಿದ್ದೆ. ಇವನೂ ಅವರಂಗೇ!'

ಹಳೆಯ ಸೈಕಲ್ಲನ್ನು ಆಗಲೇ ಅಂಗಡಿಗೆ ಒಪ್ಪಿಸಿಬಿಟ್ಟಿದ್ದಳು; ನಾಲ್ಕು ದಿನ ನಡೆದೇ ಅಂಚೆ ಹಂಚಿದಳು. ಅಂಗಾಲಲ್ಲಿ ಬೊಬ್ಬೆ ಎದ್ದವು. ಬೀರೇಶ ದೇವರಾಣೆ ಇಟ್ಟು ದುಡ್ಡು ಕೊಟ್ಟಿಲ್ಲ ಎಂದರೂ ನಂಬಲಿಲ್ಲ.

ಐದನೇ ದಿನ, ಮಧ್ಯಾಹ್ನದ ಬಿಸಿಲು. ಸದಾಶಿವಯ್ಯನವರ ತೋಟದ ಮನೆಗೆ ಪೆನ್ಶನ್ ಕಾಗದ ಕೊಟ್ಟು ಬದುವಿಗೆ ಇಳಿದಳು. ಎದುರಿಗೆ ಮೈಲಾರಿ ಬರುತ್ತಿದ್ದ. ಅಂಗಿ ಬೆವರಿಗೆ ಒದ್ದೆ. ಹಸಿರು ಸೈಕಲ್ಲನ್ನು ತಳ್ಳಿಕೊಂಡು ಬರುತ್ತಿದ್ದ.

"ಯಾಕ್ ಬಂದ್ರಿ?"

"ನಿಮ್ಮ ಗಾಡಿ ಕೊಡೋಕೆ."

"ಓಡಿಸ್ಕೊಂಡು ಬರೋಕೆ ಏನಾಗಿತ್ತು?"

"ನಿಮ್ಮದು. ಮೊದಲು ಕೂರೋರು ನೀವು. ನಾನ್ಯಾಕೆ ಕೂರ್ಲಿ?"

ನೊಣವಿನಕೆರೆಯಿಂದ ಅಲ್ಲಿಗೆ ಎಂಟು ಕಿಲೋಮೀಟರು. ಅಷ್ಟು ದೂರವೂ ತಳ್ಳಿಕೊಂಡೇ ಬಂದಿದ್ದ, ಪುಣ್ಯಾತ್ಮ!

ಅವಳ ಕಣ್ಣು ಹಿಂದಿನ ಮಡ್‌ಗಾರ್ಡಿಗೆ ಹೋಯಿತು. ಅಕ್ಷರ ಇರಲಿಲ್ಲ. ಹೂವೂ ಇರಲಿಲ್ಲ. ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಬರೀ ತಗಡು ಉಳಿದಿತ್ತು. ಅವನ ಬೆರಳ ತುದಿಗಳೂ ಸುಲಿದಿದ್ದವು.

"ನಿಮ್ಮಣ್ಣ ನಂಗೆ ಒಂದು ಕಾಸೂ ಕೊಟ್ಟಿಲ್ಲ," ಎಂದ ಮೈಲಾರಿ. "ಪೇಂಟರ್ ಫೋನ್ ಮಾಡಿ ಯಾರ ಗಾಡಿಲಾ ಅಂದ. ಹೆಣ್ಮಗಳದು ಕಣ್ಲಾ ಅಂದೆ. ಹೆಣ್ಮಕ್ಕಳ ಗಾಡಿ ಅಂದ್ರೆ ಅವನ ಕೈ ತಾನಾಗೇ ಅದನ್ನೇ ಬರೀತದೆ. ಅದು ಅವನ ತಪ್ಪು. ಆದ್ರೆ ಮಡ್‌ಗಾರ್ಡ್ ಕೂರಿಸಿದ್ದು ನಾನು. ಓದಿದೆ. ಚೆನ್ನಾಗೈತೆ ಅಂದ್ಕಂಡೆ. ಅದು ನಂದೇ ತಪ್ಪು. ಆ ಬೈಕಿನ ಕಥೆ ಮೊನ್ನೆ ಬೀರೇಶಣ್ಣ ಹೇಳಿದ ಮೇಲೆ... ನನ್ನ ಕಪಾಳಕ್ಕೆ ನಾನೇ ಬಾರಿಸ್ಕಬೇಕು ಅನ್ನಿಸ್ತು."

"ಬಾರಿಸ್ಕಂಡ್ರಾ?"

"ಇಲ್ಲ. ನೀವೇ ಬಾರಿಸ್ಲಿ ಅಂತ ಬಂದೆ."

ಅವಳಿಗೆ ನಗು ಬಂತು. ಅದನ್ನು ಹೊರಗೆ ಬಿಡದೆ ಹಲ್ಲು ಕಚ್ಚಿದಳು. ಅಂಚೆ ಚೀಲವನ್ನು ಮುಂದಿನ ಕ್ಯಾರಿಯರಿಗೆ ಕಟ್ಟಿ ಸೈಕಲ್ಲು ಹತ್ತಿದಳು.

ಬದುವಿನ ಮೇಲೆ ಚಕ್ರ ಅಲುಗಲಿಲ್ಲ. ಒಣಗರಿ ಟೈರಿನಡಿ ಚರಚರ ಎಂದು ಪುಡಿಯಾಯಿತು. ಏರಿಯ ಕಲ್ಲಿನ ಹತ್ತಿರ ಮೈಲಾರಿ ಹಾಕಿದ್ದ ಗೇರನ್ನು ಇಳಿಸಿದಳು. ಇಷ್ಟು ದಿನ ಇಳಿದು ತಳ್ಳುತ್ತಿದ್ದ ಏರು ಕಾಲಿನ ಕೆಳಗೆ ತಾನಾಗಿ ಬಂದು ಹೋಯಿತು. ಆಚೆ ಟಾರು ರಸ್ತೆಯಲ್ಲಿ ಬಗ್ಗಿ ತುಳಿದಳು. ಗಾಳಿ ಕಿವಿಯಲ್ಲಿ ಭರ್ರೆಂದಿತು!

ವಾಪಸ್ ಬಂದಾಗ ಮೈಲಾರಿ ತೆಂಗಿನ ಮರಕ್ಕೆ ಒರಗಿ ನಿಂತಿದ್ದ.

"ಬಲಗಡೆ ಬ್ರೇಕು ಸ್ವಲ್ಪ ಬಿಗಿ ಐತೆ," ಎಂದಳು ಗಡುಸಾಗಿ.

"ಸಡಿಲ ಮಾಡ್ತೀನಿ."

"ಮಿಕ್ಕಿದ್ದೆಲ್ಲ..." ಅವಳು ಬ್ರೇಕನ್ನು ಒಮ್ಮೆ ಒತ್ತಿ ಬಿಟ್ಟಳು. "ಮಿಕ್ಕಿದ್ದೆಲ್ಲ ಸರಿಯಾಗೈತೆ. ಇನ್ಯಾಕೆ ನಿಂತಿದ್ದೀರಿ?"

"ಒಂದು ಮಾತೈತೆ." ಅವನ ದನಿಯೂ ಏರಿತು. "ನಂಗೂ ನಿಮ್ಮ ಮೇಲೆ ಕೋಪ ಐತೆ ಕಣ್ರೀ! ನಾಲ್ಕು ದಿನ ಬೈಯೋಕೂ ಬರ್ಲಿಲ್ಲ ನೀವು. ಸಂಜೆ ಆದ್ರೆ ಅಂಗಡಿ ಬಿಕೋ ಅಂತಿತ್ತು. ಸ್ಪ್ಯಾನರ್ ಹಿಡಿದ್ರೆ ಕೈ ಓಡ್ತಿರ್ಲಿಲ್ಲ. ಕೇಳ್ದೆ ಒಂದು ತಪ್ಪು ಮಾಡಿದೆ. ಇನ್ಮೇಲೆ ಕೇಳೇ ಮಾಡ್ತೀನಿ. ಈಗ ಕೇಳ್ತಾ ಇದೀನಿ. ನನ್ನ ಮದ್ವೆ ಆಗ್ತೀರಾ?"

 ಅವಳು ಹ್ಯಾಂಡಲ್ಲನ್ನು ಗಟ್ಟಿಯಾಗಿ ಹಿಡಿದಳು.

"ನಾನು ಕೆಲಸ ಬಿಡಲ್ಲ."

"ಬಿಡಿ ಅಂದೋರ್ಯಾರು?"

"ನಮ್ಮಪ್ಪನ ಮನೆಯಿಂದ ಒಂದು ಚಮಚಾನೂ ಬರಲ್ಲ."

"ಬಂದ್ರೆ ನಾನೇ ವಾಪಸ್ ಕಳಿಸ್ತೀನಿ."

"ನನ್ನ ಕೋಪ ಕಮ್ಮಿ ಆಗಲ್ಲ ಕಣ್ರೀ..." ಈಗ ಕಣ್ಣು ತುಂಬಿ ಬಂದಿತ್ತು.

"ಕಮ್ಮಿ ಮಾಡ್ಕಳಿ ಅಂತ ಕೇಳಿದ್ನಾ?"

ಚೂಡಿದಾರದ ವೇಲಿನಲ್ಲಿ ಕಣ್ಣೊರೆಸಿಕೊಂಡು ಅವಳು ಪೆಡಲ್ ಮೇಲೆ ಕಾಲಿಟ್ಟಳು.

"ಇನ್ನೂ ಏಳು ಮನೆ ಕಾಗದ ಬಾಕಿ ಐತೆ. ಸಂಜೆ ನಿಮ್ಮ ಮನೆಗೆ ಬತ್ತೀನಿ. ನಿಮ್ಮವ್ವನ ಹತ್ರ ನೀವೇನೂ ಬಾಯಿ ಬಿಡ್ಬೇಡಿ. ನಾನೇ ಹೇಳ್ಬೇಕು."

"ಏನಂತ ಹೇಳ್ತೀರಿ?"

"ನಿಮ್ಮ ಮಗ ಕೇಳಿದ, ನಾನು ಒಪ್ಪಿದೆ ಅಂತ!"

ಅವನು ಮರ ಬಿಟ್ಟು ಬದುವಿನ ನಡುವೆ ಬಂದು ನಿಂತ.

"ಹಂಗ್ಯಾಕೆ ನಿಂತ್ರಿ? ದಾರಿ ಬಿಡ್ರೀ ಮೈಲಾರಿ... ಬೇಗ ಮುಗಿಸ್ಕೊಂಡು ಬರ್ಬೇಕಲ್ಲ ನಾನು?"